ಪಂಚಪತ್ರೆ ರಸದ ಕಡತ

ನಮ್ಮ ಭಾವನ ಮೈಯಲ್ಲಿ ಸೇರಿಕೊಂಡಿದ್ದ ಕೀಟನಾಶಕವನ್ನು ಐದು ಬಗೆಯ ಸೊಪ್ಪಿನಿಂದ ಇಳಿಸಿಬಿಡುವುದು ನನಗೆ ಅಂಥ ಕಷ್ಟದ ಕೆಲಸ ಅನ್ನಿಸಿರಲಿಲ್ಲ. ಮೂವತ್ತೊಂದು ವರ್ಷ ದಾವಣಗೆರೆಯ ಸರ್ಕಾರಿ ಕಚೇರಿಯೊಂದರಲ್ಲಿ ಕಡತ ವಿಲೇವಾರಿ ಮಾಡಿದವನು ನಾನು. ಹತ್ತು ವರ್ಷ ಮೇಜಿನಿಂದ ಮೇಜಿಗೆ ಅಲೆದ ಕಡತಗಳೇ ನನ್ನ ಕೈಗೆ ಬಂದ ಮೇಲೆ ತೆಪ್ಪಗೆ ಮುಗಿದಿವೆ. ಅಂಥದ್ದರಲ್ಲಿ ಒಬ್ಬ ಮನುಷ್ಯನ ಮೈಯೊಳಗಿನ ವಿಷ ಯಾವ ಲೆಕ್ಕ!

ನಿವೃತ್ತಿಯಾದ ಮೇಲೆ ವಿದ್ಯಾನಗರದ ನಮ್ಮ ಮನೆಯ ತಾರಸಿಯಲ್ಲಿ ನಲವತ್ತು ಕುಂಡ ಇಟ್ಟು ಸೊಪ್ಪು ಬೆಳೆಸಿದ್ದೆ. ವಿದ್ಯೆ ಬಂದದ್ದು ಮೂರು ಕಡೆಯಿಂದ. ಬೆಳಿಗ್ಗೆ ಪಾರ್ಕಿನಲ್ಲಿ ಜೊತೆಗೆ ನಡೆಯುವವರು ಹೇಳಿದ್ದು, ಮೊಬೈಲಿಗೆ ಬಂದದ್ದು, ಪೇಪರಿನಲ್ಲಿ ಕತ್ತರಿಸಿ ಇಟ್ಟುಕೊಂಡದ್ದು. ಯಾವ ಕಾಯಿಲೆಗೆ ಯಾವ ಸೊಪ್ಪು ಎಂದು ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ. ಕೇಳದವರೇ ಜಾಸ್ತಿ ಇದ್ದರು. ನನ್ನ ಹೆಂಡತಿ ಗಿರಿಜಾ ಅವರಲ್ಲಿ ಮೊದಲನೆಯವಳು.

ಹೀಗಿರುವಾಗ ಒಂದು ದಿನ ಹರಿಹರದಿಂದ ನನ್ನ ಅಕ್ಕ ನಾಗರತ್ನ ಬಂದಳು. ಫೋನೂ ಮಾಡದೆ, ಬೆಳಗಿನ ಬಸ್ಸಿಗೆ ಬಂದಿದ್ದಳು. ಗಿರಿಜಾ ಕೊಟ್ಟ ಚಹಾ ಆರುತ್ತಾ ಇದ್ದರೂ ಕುಡಿಯದೆ ಕೂತಳು. ಭಾವನ ಕೈ ನಡುಗುತ್ತಿದೆಯಂತೆ. ಲೋಟ ಹಿಡಿದರೆ ತುಳುಕುತ್ತದೆ, ಕಣ್ಣಲ್ಲಿ ಸುಮ್ಮಸುಮ್ಮನೆ ನೀರು ಬರುತ್ತದೆ, ಸಂಜೆಯಾದರೆ ತಲೆ ಹಿಡಿದುಕೊಂಡು ಗೋಡೆಗೆ ಒರಗುತ್ತಾರೆ. ಊಟ ಸೇರುತ್ತಿಲ್ಲ.

ಭಾವ ಮಹಾರುದ್ರಪ್ಪನವರದ್ದು ಹರಿಹರದ ಹೊರಗೆ ನಾಲೆ ನೀರಿನ ನಾಲ್ಕು ಎಕರೆ ಗದ್ದೆ. ಭತ್ತಕ್ಕೆ ಔಷಧಿ ಹೊಡೆಯುವುದರಲ್ಲಿ ಅವರ ಕೈ ಹದ ಸುತ್ತಮುತ್ತ ಯಾರಿಗೂ ಇರಲಿಲ್ಲ. ತಮ್ಮ ಗದ್ದೆ ಮುಗಿದ ಮೇಲೆ ಬೇರೆಯವರೂ ಕರೆಯುತ್ತಿದ್ದರು, ಇವರೂ ಹೆಮ್ಮೆಯಿಂದ ಹೋಗುತ್ತಿದ್ದರು. ಡ್ರಮ್ಮಿನಲ್ಲಿ ಔಷಧಿಗೆ ನೀರು ಬೆರೆಸಿ ಮೊಣಕೈವರೆಗೆ ಕೈ ಇಳಿಸಿ ಕಲಸುವುದು, ಪಂಪಿನ ನಾಜಲ್ ಕಟ್ಟಿಕೊಂಡರೆ ಬಾಯಿಗೆ ಇಟ್ಟು ಊದುವುದು, ಇದು ಅವರ ಇಪ್ಪತ್ತೆಂಟು ವರ್ಷದ ಪದ್ಧತಿ. ಕೀಟನಾಶಕಕ್ಕೆ ನಮ್ಮ ಕಡೆ ಔಷಧಿ ಅಂತಲೇ ಹೆಸರು ತಾನೆ, ಔಷಧಿಗೆ ಯಾರು ಹೆದರುತ್ತಾರೆ?

ಅಕ್ಕ ಕೇಳಿದ್ದು ಬಹಳ ಸಣ್ಣದು.

"ನೀ ಬಂದು ಒಂದು ಮಾತು ಹೇಳು ತಮ್ಮಾ. ದಾವಣಗೆರೆ ದೊಡ್ಡ ಆಸ್ಪತ್ರೆಗೆ ತೋರಿಸ್ರಿ, ಇನ್ನ ಔಷಧಿ ಹೊಡಿಯಾದು ಬಿಡ್ರಿ ಅಂತ. ನನ್ ಮಾತು ಕೇಳಲ್ಲ, ಮಕ್ಕಳ ಮಾತೂ ಕೇಳಲ್ಲ. ನೀ ಓದಿದಾವ. ನಿನ್ ಮಾತು ಕೇಳ್ತಾರ."

ಆಗಲಿ ಅಂದೆ. ಅಂದೇನೋ ಅಂದೆ. ಆದರೆ ನಿಜ ಹೇಳಬೇಕೆಂದರೆ ಭಾವನನ್ನು ಕಂಡರೆ ನನಗೆ ಭಯ. ಮೂವತ್ತೆಂಟು ವರ್ಷದ ಹಿಂದೆ ಅಕ್ಕನ ಮದುವೆ ದಿನ, ಪಾಯಸಕ್ಕೆ ಬೆಲ್ಲ ಕಮ್ಮಿ ಆಯಿತೆಂದು ಅಡುಗೆಯವನ ಮೇಲೆ ಅವರು ಹಾಕಿದ ಕೂಗು ಛತ್ರದ ಹೊರಗಿದ್ದ ಬ್ಯಾಂಡಿನವರನ್ನೇ ಸುಮ್ಮನಾಗಿಸಿತ್ತು. ಅಂದಿನಿಂದ ನಾನು ಅವರ ಮುಂದೆ ಕುರ್ಚಿಯ ಅಂಚಿನಲ್ಲೇ ಕೂರುವುದು. ಅಂಥವರಿಗೆ ಹೋಗಿ ಹೀಗೆ ಮಾಡಿ, ಹಾಗೆ ಬಿಡಿ ಅಂತ ಹೇಳುವುದೆಂದರೆ!

ಭಾನುವಾರ ಹರಿಹರಕ್ಕೆ ಹೋದೆ. ಭಾವ ಜಗುಲಿಯಲ್ಲಿ ಕೂತಿದ್ದರು. ಬಾರಪ್ಪಾ ಅಂದರು. ಅಕ್ಕ ಬಾಗಿಲ ಹಿಂದೆ ನಿಂತಿದ್ದಾಳೆಂದು ಸೆರಗಿನ ಅಂಚು ಕಂಡೇ ಗೊತ್ತಾಗುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡೆ. ಮಳೆ ವಿಷಯ ಮಾತಾಡಿದೆ. ನಾಲೆಗೆ ನೀರು ಬಿಟ್ಟ ವಿಷಯ ಮಾತಾಡಿದೆ. ಮತ್ತೆ ಗಂಟಲು ಸರಿಮಾಡಿಕೊಂಡೆ. ಭಾವ ನೇರ ನನ್ನ ಮುಖ ನೋಡುತ್ತಾ, ಏನೋ ಹೇಳಾಕ ಬಂದೀಯ, ಹೇಳು ಅಂದರು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಮೀಸೆ ನೋಡಿತು, ವಾಪಸ್ ಹೋಯಿತು.

ಅದರ ಬದಲಿಗೆ ಬಾಯಿಂದ ಬಂದದ್ದು ಇದು: "ಭಾವ, ಮೈಯಾಗಿನ ವಿಷ ಇಳಿಸಾಕ ಸೊಪ್ಪಿನ ರಸ ಐತಿ. ನಾನೇ ಮಾಡಿ ತಂದುಕೊಡ್ತೀನಿ."

ಭಾವನ ಮುಖ ಅರಳಿತು. ಅದನ್ನು ಈಗಲೂ ಮರೆಯಲಾರೆ. ನೀನೂ ಆಸ್ಪತ್ರೆ ಅಂತ ಹೇಳಾಕ ಬಂದೆ ಅನ್ಕಂಡಿದ್ದೆ ಅಂತ ನಕ್ಕರು. ಬಾಗಿಲ ಹಿಂದಿನ ಸೆರಗು ಒಳಗೆ ಹೋಯಿತು. ನನಗೆ ಮಾತ್ರ ಒಂದು ಹುದ್ದೆಯೇ ಸಿಕ್ಕಿದಷ್ಟು ಸಂತೋಷವಾಯಿತು.

ದಾವಣಗೆರೆಗೆ ಬಂದವನೇ ಹೊಸ ಕಡತ ತೆರೆದೆ. ಮೇಲೆ ದುಂಡಗೆ ಬರೆದೆ: 'ವಿಷಯ: ಶ್ರೀ ಮಹಾರುದ್ರಪ್ಪನವರ ಶರೀರದಿಂದ ಕೀಟನಾಶಕ ಹೊರಹಾಕುವ ಬಗ್ಗೆ.' ಒಂದೆಲಗ, ನುಗ್ಗೆ, ಹೊನಗೊನ್ನೆ, ಅಮೃತಬಳ್ಳಿ, ಕೊತ್ತಂಬರಿ, ಈ ಐದರ ರಸಕ್ಕೆ ಪಂಚಪತ್ರೆ ಎಂದು ನಾನೇ ನಾಮಕರಣ ಮಾಡಿದೆ. ಜೊತೆಗೆ ಬಾಳೆದಿಂಡೂ ಇರಲಿ ಅಂತ ಮಿಕ್ಸಿಗೆ ಹಾಕಿದೆ. ದಿಂಡಿನ ನಾರು ಬ್ಲೇಡಿಗೆ ಸುತ್ತಿಕೊಂಡು ಮಿಕ್ಸಿ ಒಮ್ಮೆ ನರಳಿ, ಹೊಗೆ ಬಿಟ್ಟು ನಿಂತಿತು. ಭಾವನ ವಿಷ ಇಳಿಯುವ ಮೊದಲೇ ನಮ್ಮ ಮಿಕ್ಸಿಯ ಜೀವ ಇಳಿಯಿತು ಅಂದಳು ಗಿರಿಜಾ. ಉಳಿದದ್ದನ್ನು ಒರಳಲ್ಲಿ ರುಬ್ಬಿದೆ. ರೋಗಿಗೆ ಕೊಡುವ ಮೊದಲು ಪರೀಕ್ಷೆ ಆಗಬೇಕಲ್ಲ ಅಂತ ಒಂದು ದೊಡ್ಡ ಲೋಟ ನಾನೇ ಕುಡಿದೆ. ಆ ದಿನ ಮಧ್ಯಾಹ್ನದಿಂದ ಸಂಜೆವರೆಗೆ ನಾನು ಕೂತ ಜಾಗ ಒಂದೇ! ಹೊರಗಿನಿಂದ ಗಿರಿಜಾ ಬಾಗಿಲು ಬಡಿದು, ಬದುಕಿದ್ದೀರಾ ಅಂತ ಕೇಳುತ್ತಿದ್ದಳು. ಸಂಜೆ ಕಡತದಲ್ಲಿ ಬರೆದೆ: 'ಸದರಿ ರಸವು ಶರೀರವನ್ನು ಶುದ್ಧಿಗೊಳಿಸುವುದು ದೃಢಪಟ್ಟಿದೆ.'

ಇನ್ನು ರಸ ಒಯ್ಯುವ ಪಾತ್ರೆ. ಗಿರಿಜಾಳ ತವರಿನಿಂದ ಬಂದ, ಮುಚ್ಚಳದ ಮೇಲೆ ಅವಳ ಹೆಸರು ಕೊರೆದ ಮೂರು ಲೀಟರಿನ ಸ್ಟೀಲ್ ಕ್ಯಾನು ಇತ್ತು. ಒಯ್ಯಿರಿ, ಆದರೆ ಅದೇ ದಿನ ವಾಪಸ್ ಬರಬೇಕು ಎಂಬ ಷರತ್ತಿನ ಮೇಲೆ ಕೊಟ್ಟಳು. ಮೊದಲ ಸಲವೇ ಬಸ್ಸಿನಲ್ಲಿ ಮುಚ್ಚಳ ಸಡಿಲಾಗಿ ಪಕ್ಕದವರ ಬಿಳಿ ಪಂಚೆಯ ಅರ್ಧ ಭಾಗ ಹಸಿರಾಯಿತು. ಅವರು ಯಾವುದೋ ನಿಶ್ಚಿತಾರ್ಥಕ್ಕೆ ಹೊರಟಿದ್ದರಂತೆ. ಇದು ಆರೋಗ್ಯಕ್ಕೆ ಒಳ್ಳೆಯದು ಅಂತ ನಾನು ಹೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಹರಿಹರ ತಲುಪಿದ ಕೂಡಲೇ, ಕ್ಯಾನು ವಾಪಸ್ ಬೇಕು ಅಂತ ಹೇಳಿದೆ. ನಮ್ಮಲ್ಲಿ ನೆಂಟರ ಮನೆಯ ಪಾತ್ರೆಯನ್ನು ಬರಿದು ಕಳಿಸುವ ಪದ್ಧತಿ ಇಲ್ಲ. ಅಕ್ಕ ಒಳಗೆ ಹೋಗಿ ಒಲೆ ಹಚ್ಚಿದಳು. ಭಾವ ರಸವನ್ನು ಎಲ್ಲೋ ಸುರುವಿಕೊಂಡು ಬಂದರು. ಕ್ಯಾನು ತೊಳೆದು ಒರೆಸಿ ಅದರ ತುಂಬಾ ಬಿಸಿ ಚಕ್ಕುಲಿ ತುಂಬಿ ಅಕ್ಕ ಕೊಟ್ಟಳು. ಇದು ವಾರದ ಪದ್ಧತಿಯಾಯಿತು. ನಾನು ಸೊಪ್ಪಿನ ರಸ ಒಯ್ಯುವುದು, ಚಕ್ಕುಲಿಯೋ ಅವಲಕ್ಕಿಯೋ ಹೊತ್ತು ತರುವುದು. ಮೂರು ತಿಂಗಳಲ್ಲಿ ರೋಗಿ ಸೊರಗಿದರು, ವೈದ್ಯ ನಾಲ್ಕು ಕಿಲೋ ದಪ್ಪಗಾದ.

ಮೂರು ಲೀಟರ್ ರಸವನ್ನು ಭಾವ ಎಲ್ಲಿ ಸುರುವಿಕೊಳ್ಳುತ್ತಿದ್ದರು? ಅದು ನನಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಎರಡನೆಯ ವಾರವೇ ನೋಡಿದೆ. ಅವರ ಜೊತೆ ಗದ್ದೆಗೆ ಹೋಗಿದ್ದೆ. ಪಂಪ್‌ಹೌಸಿನ ಗೂಡಿನಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಕ್ಯಾನು, ಅದರೊಳಗೆ ನನ್ನ ಹಸಿರು ರಸ. ಕ್ಯಾನಿನ ಚೀಟಿ ಕೆರೆದು ತೆಗೆದಿದ್ದರು, ಕೆಂಪು ಗುರುತಿನ ಒಂದು ಮೂಲೆ ಮಾತ್ರ ಅಂಟಿಕೊಂಡಿತ್ತು. ಅದು ಔಷಧಿ ಖಾಲಿಯಾದ ಕ್ಯಾನು. ಒಳ್ಳೆ ಗಟ್ಟಿ ಕ್ಯಾನು ಅಂತ ಆ ಕಡೆ ಯಾರೂ ಎಸೆಯುವುದಿಲ್ಲ.

"ತೊಳದೀರಿ ಅಲ್ಲ ಭಾವ?" ಅಂದೆ.

"ಬೂದಿ ಹಾಕಿ ಮೂರು ಸಲ ತೊಳದೀನಿ" ಅಂದರು. ಧ್ವನಿ ಸ್ವಲ್ಪ ಏರಿತ್ತು.

ಅಷ್ಟೇ ಸಾಕಾಯಿತು ನನಗೆ. ಇನ್ನೊಂದು ಮಾತು ಆಡಿದರೆ ಅವರಿಗೆ ಕೋಪ ಬರಬಹುದು. ಸ್ಟೀಲ್ ಕ್ಯಾನನ್ನು ಅಲ್ಲೇ ಬಿಟ್ಟು ಹೋದರೆ ಗಿರಿಜಾಗೆ ಕೋಪ ಬರಬಹುದು. ಇಬ್ಬರ ಕೋಪದ ನಡುವೆ ನಾನೊಂದು ದಾರಿ ಕಂಡುಕೊಂಡೆ. ಮನೆಗೆ ಬಂದು ಕಡತದಲ್ಲಿ ಬರೆದೆ: 'ಶೇಖರಣಾ ವ್ಯವಸ್ಥೆ: ಸಮರ್ಪಕ.' ಕಚೇರಿಯಲ್ಲಿದ್ದಾಗ ಸೋರುವ ಕಟ್ಟಡಗಳ ಬಗ್ಗೆಯೂ ನಾನು ಇದೇ ಪದ ಬರೆಯುತ್ತಿದ್ದೆ. ಅಲ್ಲಿ ನೆನೆಯುತ್ತಿದ್ದದ್ದು ಕಾಗದ ಮಾತ್ರ.

ಭಾವನ ನಡುಕ ಜಾಸ್ತಿಯಾಯಿತು. ಪಾರ್ಕಿನ ಗೆಳೆಯರನ್ನು ಕೇಳಿದೆ. ವಿಷ ಹೊರಗೆ ಬರುವಾಗ ಹಾಗೆಯೇ ಆಗುವುದು ಅಂದರು. ಅವರಲ್ಲಿ ಒಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಇನ್ನೊಬ್ಬರಿಗೆ ಬಟ್ಟೆ ಅಂಗಡಿ. ಅವರ ಅಭಿಪ್ರಾಯವನ್ನು ತಜ್ಞರ ಅಭಿಪ್ರಾಯ ಎಂದು ಕಡತಕ್ಕೆ ಸೇರಿಸಿದೆ. ಅರ್ಧ ಲೋಟ ಇದ್ದದ್ದನ್ನು ಒಂದು ಲೋಟ ಮಾಡಿದೆ. ಬೆವರು ಜಾಸ್ತಿ ಎಂದರು ಭಾವ; 'ವಿಷ ಬೆವರಿನ ಮೂಲಕ ಹೊರಬರುತ್ತಿದೆ' ಎಂದು ಬರೆದೆ. ಬಾಯಲ್ಲಿ ನೀರೂರುತ್ತದೆ ಎಂದರು. 'ಹಸಿವು ಮರಳುತ್ತಿರುವ ಲಕ್ಷಣ' ಎಂದು ಬರೆದೆ. ದಿನಾಂಕ, ವೇಳೆ, ಕೆಳಗೆ ನನ್ನ ಸಹಿ. ಅಕ್ಕ ಪ್ರತಿ ಸಲವೂ ನನ್ನನ್ನು ಬಸ್ ನಿಲ್ದಾಣದವರೆಗೆ ಬಿಡಲು ಬರುತ್ತಿದ್ದಳು. ದಾರಿಯಲ್ಲಿ, ಆ ಮಾತು ಹೇಳಿದೆಯಾ ಅಂತ ಕೇಳುತ್ತಿದ್ದಳು. ಮೊದಲು ರಸ ಕೆಲಸ ಮಾಡಲಿ ಅಕ್ಕಾ ಅನ್ನುತ್ತಿದ್ದೆ. ನಂತರದ ದಿನಗಳಲ್ಲಿ ಅವಳು ಕೇಳುವುದನ್ನು ಬಿಟ್ಟಳು. ಒಪ್ಪಿಕೊಂಡಳು ಅಂತ ತಿಳಿದೆ.

ಹರಿಹರದ ಬಜಾರಿನಲ್ಲಿ ದಸ್ತಗೀರ್ ಎಂಬವರ ಅಂಗಡಿ ಇದೆ. ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವವರು, ಭಾವನ ಹಳೆಯ ಗೆಳೆಯರು. ಒಂದು ಸಲ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಅವರು ಹೇಳಿದ್ದು ಹೀಗೆ:

"ಸಾಹೇಬ್ರೆ, ಮೊದ್ಲು ಮುಖಕ್ಕೆ ಟವಲ್ ಆದ್ರೂ ಕಟ್ತಿದ್ರು. ಈಗ ಅದೂ ಬಿಟ್ಟಾರ. ನಮ್ ಭಾಮೈದನ ದವಾ ಕುಡುದೀನಿ, ನನಗೇನ್ ಆಗ್ತೈತಿ ಅಂತಾರ. ಸ್ವಲ್ಪ ಹೇಳ್ರಿ ನೀವು."

ನನ್ನ ಕಿವಿಗೆ ಇದರಲ್ಲಿ ಬಿದ್ದದ್ದು 'ನಮ್ ಭಾಮೈದನ ದವಾ' ಎಂಬ ಮೂರು ಪದ ಮಾತ್ರ. ಮೂವತ್ತೆಂಟು ವರ್ಷದಲ್ಲಿ ಭಾವ ನನ್ನ ಬಗ್ಗೆ ಊರಲ್ಲಿ ಹೆಮ್ಮೆಯಿಂದ ಮಾತಾಡಿದ್ದು ಅದೇ ಮೊದಲು. ಎದೆಯುಬ್ಬಿಸಿಕೊಂಡು ಬಸ್ಸು ಹತ್ತಿದೆ. ಆ ವಾರ ರಸಕ್ಕೆ ಎರಡು ಹಿಡಿ ಸೊಪ್ಪು ಜಾಸ್ತಿ ಹಾಕಿದೆ.

ಭತ್ತ ಹಾಲುಗಟ್ಟುವ ಹೊತ್ತಿಗೆ ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ದಸ್ತಗೀರ್ ಫೋನು ಮಾಡಿದರು. ಭಾವ ಬದುವಿನ ಮೇಲೆ ಬಿದ್ದಿದ್ದರಂತೆ. ಬಾಯಲ್ಲಿ ನೊರೆ. ತಮ್ಮ ಗೂಡ್ಸ್ ಆಟೋದಲ್ಲೇ ಹಾಕಿಕೊಂಡು ದಾವಣಗೆರೆ ಆಸ್ಪತ್ರೆಗೆ ಬರುತ್ತಿದ್ದೇವೆ, ನೀವು ಅಲ್ಲಿಗೆ ಬನ್ನಿ ಅಂದರು. ಉಟ್ಟ ಬಟ್ಟೆಯಲ್ಲೇ ಎದ್ದೆ. ಆದರೂ ಹೊರಡುವಾಗ ಕೈಗೆ ಏನು ತೆಗೆದುಕೊಂಡೆ ಗೊತ್ತೇ? ಕಡತ. ರೋಗಿಯ ಪೂರ್ಣ ವಿವರ ವೈದ್ಯರಿಗೆ ಉಪಯೋಗವಾದೀತು ಎಂಬ ಕರ್ತವ್ಯಪ್ರಜ್ಞೆ!

ಆಸ್ಪತ್ರೆಯಲ್ಲಿ ಭಾವನನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಅಕ್ಕನ ಸೀರೆಯ ತುಂಬಾ ಕೆಸರು. ಅವಳ ಮಡಿಲಲ್ಲಿ ಆ ಬಿಳಿ ಕ್ಯಾನು ಇತ್ತು. ಕುಡಿದದ್ದು ಏನಿದ್ದರೂ ತನ್ನಿ ಎಂದು ಆಸ್ಪತ್ರೆಯವರು ಫೋನಿನಲ್ಲೇ ಹೇಳಿದ್ದರಂತೆ, ಹೊರಡುವ ಮೊದಲೇ ಪಂಪ್‌ಹೌಸಿನಿಂದ ದಸ್ತಗೀರ್ ಎತ್ತಿಕೊಂಡು ಬಂದಿದ್ದರು. ಅವಳು ಅದನ್ನು ನೋಡಿದ್ದೇ ಅಂದು ಮೊದಲು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕ್ಯಾನು ಎತ್ತಿ, ಕೆಂಪು ಗುರುತಿನ ಮೂಲೆ ನೋಡಿದರು. ಮುಚ್ಚಳ ತೆಗೆದು ವಾಸನೆ ನೋಡಿ ತಟ್ಟನೆ ಮುಚ್ಚಿದರು. ಇದರೊಳಗೆ ಇರೋದು ಯಾರು ಮಾಡಿದ್ದು ಅಂತ ಕೇಳಿದರು. ದಸ್ತಗೀರ್ ನೆಲ ನೋಡಿದರು. ನಾನೇ ಮಾಡಿದ್ದು ಎಂದೆ. ವಿಷದ ಕೇಸಾದ್ದರಿಂದ ಅವರೊಂದು ಫಾರಂ ತುಂಬಬೇಕಿತ್ತು. ಕೊಟ್ಟವರ ಹೆಸರು, ರೋಗಿಗೆ ಏನಾಗಬೇಕು, ವಿಳಾಸ. ಎಲ್ಲಾ ಸ್ಪಷ್ಟವಾಗಿ ಹೇಳಿದೆ. ಆ ಕಡತ ಏನು ಅಂತ ಅವರೇ ಕೇಳಿದರು. ಬಚ್ಚಿಡಲು ಹೋದೆ, ಆಗಲಿಲ್ಲ.

ಅವರು ನಿಂತಲ್ಲೇ ಪುಟ ತಿರುವಿದರು. ಓದುತ್ತಾ ಓದುತ್ತಾ ಮುಖದಲ್ಲಿದ್ದ ಕೋಪ ಹೋಗಿ ಬೇರೆ ಏನೋ ಬಂತು. ಕೋಪವೇ ಎಷ್ಟೋ ವಾಸಿಯಿತ್ತು.

"ಬೆವರು, ಜೊಲ್ಲು, ಕಣ್ಣೀರು, ನಡುಕ. ಎಲ್ಲಾ ತಾರೀಖು ಹಾಕಿ ಬರ್ದಿದೀರಿ" ಎಂದರು. "ಒಬ್ಬ ಮನುಷ್ಯಂಗೆ ಮೂರು ತಿಂಗ್ಳಿಂದ ವಿಷ ಏರ್ತಾ ಇರೋದನ್ನ ಇಷ್ಟು ನೀಟಾಗಿ ಬರೆದಿರೋದು ನಾನು ಎಲ್ಲೂ ನೋಡಿಲ್ಲ ಸರ್."

ಸೊಪ್ಪು ತಿನ್ನಬೇಡಿ ಅಂತ ಅವರು ಹೇಳಲಿಲ್ಲ. ಪಲ್ಯ ಮಾಡಿ ತಿನ್ನಿ, ಮೈಗೆ ಒಳ್ಳೆಯದು. ಆದರೆ ಚರ್ಮದಿಂದ, ಉಸಿರಿನಿಂದ ಒಳಗೆ ಹೋದ ಔಷಧಿಯನ್ನು ಯಾವ ಸೊಪ್ಪೂ ಹಿಡಿದು ಹೊರಗೆ ತರುವುದಿಲ್ಲ, ಅದಕ್ಕೆ ಆಸ್ಪತ್ರೆಯ ಇಂಜೆಕ್ಷನ್ನೇ ಬೇಕು ಎಂದರು. ಔಷಧಿ ಕ್ಯಾನನ್ನು ಎಷ್ಟು ತೊಳೆದರೂ ತಿನ್ನುವ ಕುಡಿಯುವ ಪದಾರ್ಥ ಅದರಲ್ಲಿ ಇಡಬಾರದಂತೆ. ಮೊದಲ ನಡುಕಕ್ಕೇ ಕರೆತಂದಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ ಎಂದರು. ನಾನು ಹೂಂ ಹೂಂ ಎಂದೆ. ಅಕ್ಕ ನನ್ನ ಕಡೆ ನೋಡಲಿಲ್ಲ.

ನಾಲ್ಕು ದಿನ ಭಾವ ಐಸಿಯುವಿನಲ್ಲಿದ್ದರು. ಆ ನಾಲ್ಕು ದಿನ ಗಿರಿಜಾ ಒಂದು ತಮಾಷೆಯ ಮಾತೂ ಆಡಲಿಲ್ಲ. ನನಗೆ ಅದೇ ದೊಡ್ಡ ಶಿಕ್ಷೆಯಾಯಿತು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಮೂರನೆಯ ದಿನ ಅಕ್ಕನ ಪಕ್ಕ ಬೆಂಚಿನ ಮೇಲೆ ಕೂತು ತಪ್ಪಾಯಿತು ಎಂದೆ.

"ನಿನ್ನ ಸೊಪ್ಪು ಕೇಳಿರಲಿಲ್ಲ ತಮ್ಮಾ ನಾನು" ಅಂದಳು. "ಒಂದು ಮಾತು ಕೇಳಿದ್ದೆ."

ನಾನು ಭಾವನ ಕೋಪದ ಬಗ್ಗೆ ಏನೋ ಹೇಳಲು ಹೋದೆ. ಆ ಬೆಂಚಿನ ಮೇಲೆ ಆ ಕಾರಣ ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ ಅರ್ಧಕ್ಕೇ ನಿಲ್ಲಿಸಿದೆ.

ಹನ್ನೊಂದನೆಯ ದಿನ ಮನೆಗೆ ಕಳಿಸಿದರು. ಭಾವ ಬದುಕಿದರು, ಆದರೆ ಕೈ ನಡುಕ ಪೂರ್ತಿ ಹೋಗಲಿಲ್ಲ. ಹೋಗುತ್ತದೋ ಇಲ್ಲವೋ ಹೇಳಲಾಗುವುದಿಲ್ಲ ಎಂದಿದ್ದರು ಡಾಕ್ಟರಮ್ಮ. ಅಂಗಿಯ ಗುಂಡಿಯನ್ನು ಅಕ್ಕನೇ ಹಾಕಿದಳು. ಛತ್ರದಲ್ಲಿ ಬ್ಯಾಂಡು ನಿಲ್ಲಿಸಿದ್ದ ಮನುಷ್ಯ ಮಗುವಿನ ಹಾಗೆ ಕತ್ತೆತ್ತಿ ನಿಂತಿದ್ದರು. ನಾನು ಹೊರಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ.

ಡಾಕ್ಟರಮ್ಮ ಕೊನೆಯ ಸಲ ಬುದ್ಧಿ ಹೇಳಿದರು. ಇನ್ನು ಔಷಧಿ ಹೊಡೆಯುವ ಕೆಲಸ ಬೇಡವೇ ಬೇಡ, ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದರು. ಭಾವ ಅವರ ಕಡೆ ನೋಡಲಿಲ್ಲ. ಅಕ್ಕನ ಕಡೆಯೂ ನೋಡಲಿಲ್ಲ. ನಿಧಾನವಾಗಿ ನನ್ನ ಕಡೆ ತಿರುಗಿದರು.

"ನೀ ಏನಂತೀಯಪ್ಪಾ? ನೀ ಹೇಳಿದಂಗೆ ಮಾಡ್ತೀನಿ" ಅಂದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗಂಟಲು ಸರಿಮಾಡಿಕೊಳ್ಳಲಿಲ್ಲ, ಮಳೆ ವಿಷಯ ಎತ್ತಲಿಲ್ಲ.

"ಔಷಧಿ ಹೊಡಿಯಾದು ಬಿಟ್ಟುಬಿಡ್ರಿ ಭಾವ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಾಣ, ನಾನೇ ಕರ್ಕಂಡು ಬರ್ತೀನಿ."

"ಆತು" ಅಂದರು ಭಾವ.

ಅಷ್ಟೇ. ಕೂಗಲಿಲ್ಲ, ಮೀಸೆ ಅಲುಗಲಿಲ್ಲ. ನನ್ನ ಮಾತಿಗೆ ಬೆಲೆ ಕೊಟ್ಟು ಮೂರು ತಿಂಗಳು ಆ ಕಹಿ ನೀರನ್ನು ಮುಖ ಕಿವುಚದೆ ಕುಡಿದವರು, ಆ ಭಾನುವಾರವೇ ಆಸ್ಪತ್ರೆಯ ಮಾತು ಹೇಳಿದ್ದರೆ ಜಗುಲಿಯಿಂದಲೇ ಎದ್ದು ಚಪ್ಪಲಿ ಮೆಟ್ಟುತ್ತಿದ್ದರು. ಮೂವತ್ತೆಂಟು ವರ್ಷ ನಾನು ಹೆದರಿದ್ದು ನನ್ನ ಮಾತನ್ನು ಕೇಳುವ ಏಕೈಕ ಮನುಷ್ಯನಿಗೆ.